ಕಾರಿಗಿಂತ ಮೊದಲು ತಾರಸಿ

ಮುಂಬಯಿ, ಪುಣೆ, ಹೈದರಾಬಾದಿನಂತಹ ನಗರಗಳಲ್ಲಿ ನೆಲೆಸಿರುವ ಜೈನ ಕುಟುಂಬಗಳಿಗೆ ವಿದ್ಯುತ್ ಕಾರು ಅಹಿಂಸೆಯ ಆಧುನಿಕ ರೂಪವಾಗಿ ಕಾಣುವುದು ಸಹಜ. ಹೊಗೆಯುಗುಳದ ವಾಹನ ಒಳ್ಳೆಯದೇ ಸರಿ. ಆದರೆ ಧರ್ಮದ ಹೆಸರಿನಲ್ಲಿ ಮಾಡುವ ವೆಚ್ಚವೂ ಲೆಕ್ಕಕ್ಕೆ ಹೊರತಾದುದಲ್ಲ.

ತಿಂಗಳಿಗೆ 1,000 ಕಿಲೋಮೀಟರ್ ಓಡುವ ಪೆಟ್ರೋಲ್ ಕಾರಿಗೆ, ಲೀಟರಿಗೆ 15 ಕಿಲೋಮೀಟರ್ ಮತ್ತು 100 ರೂಪಾಯಿ ಎಂದು ಹಿಡಿದರೆ, ಸುಮಾರು 6,700 ರೂಪಾಯಿ ಬೇಕು. ವಿದ್ಯುತ್ ಕಾರಿಗೆ 100 ಕಿಲೋಮೀಟರಿಗೆ 15 ಯೂನಿಟ್, ಯೂನಿಟ್ಟಿಗೆ 10 ರೂಪಾಯಿಯಂತೆ 1,500 ಸಾಕು. ಕಾರಿನ ಬೆಲೆ 4 ಲಕ್ಷ ಹೆಚ್ಚಿದ್ದರೆ, ಆ ಹಣ ಆರೂವರೆ ವರ್ಷಗಳಲ್ಲಿ ಮರಳುತ್ತದೆ. ಆದರೆ ರಜಾದಿನಗಳಲ್ಲಿ ಮಾತ್ರ ಹೊರಬಂದು ತಿಂಗಳಿಗೆ 300 ಕಿಲೋಮೀಟರ್ ಓಡುವ ಕಾರಿಗೆ ಇಪ್ಪತ್ತು ವರ್ಷಗಳೂ ಸಾಲವು. ಬ್ಯಾಟರಿಗೆ ಸಾಮಾನ್ಯವಾಗಿ ದೊರೆಯುವ ವಾರಂಟಿ 8 ವರ್ಷ ಮಾತ್ರ. 1925ರಿಂದ ವಿದ್ಯುತ್ತಿನಲ್ಲೇ ಓಡುತ್ತಿರುವ ಮುಂಬಯಿಯ ಲೋಕಲ್ ರೈಲು ಅಂತಹ ಕುಟುಂಬಕ್ಕೆ ಹೆಚ್ಚು ಲಾಭಕರ, ಹೆಚ್ಚು ಅಹಿಂಸಕ.

ಇನ್ನೊಂದು ಪ್ರಶ್ನೆ ವಿದ್ಯುತ್ತಿನ ಮೂಲದ್ದು. 2025ರಲ್ಲಿ ದೇಶದ ಸ್ಥಾಪಿತ ಸಾಮರ್ಥ್ಯದ ಅರ್ಧದಷ್ಟು ಕಲ್ಲಿದ್ದಲು, ತೈಲ, ಅನಿಲಗಳಿಂದ ಹೊರತಾದ ಮೂಲಗಳದ್ದಾಯಿತು. ಆದರೂ ವಾಸ್ತವಿಕ ಉತ್ಪಾದನೆಯಲ್ಲಿ ಕಲ್ಲಿದ್ದಲಿನದೇ ಸಿಂಹಪಾಲು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಸಮಾಜಕ್ಕೆ ಕಾರಣವನ್ನು ವಿವರಿಸಬೇಕಿಲ್ಲ. ರಾತ್ರಿ ಚಾರ್ಜಿಗೆ ಇಟ್ಟ ಕಾರು ಬಹುಮಟ್ಟಿಗೆ ಕಲ್ಲಿದ್ದಲನ್ನೇ ಉಣ್ಣುತ್ತದೆ.

ಹಾಗಾದರೆ ನವೀಕರಿಸಬಹುದಾದ ಶಕ್ತಿ ಅವ್ಯವಹಾರ್ಯವೇ? ಅಲ್ಲ, ಆರಂಭದ ಸ್ಥಳ ಬೇರೆ. ವಸತಿ ಸಂಘದ ತಾರಸಿಯಲ್ಲಿ ಸುಮಾರು 1,000 ಚದರಡಿಯಲ್ಲಿ 10 ಕಿಲೋವ್ಯಾಟ್ ಫಲಕಗಳನ್ನು ಅಳವಡಿಸಬಹುದು. ಸಾಮಾನ್ಯ ಬಳಕೆಯ ವಿದ್ಯುತ್ತಿಗಾಗಿ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯು ವಸತಿ ಸಂಘಗಳಿಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನ ನೀಡುತ್ತದೆ. 6 ಲಕ್ಷ ತಗುಲಿದರೂ ಸಂಘದ ಪಾಲು 4.2 ಲಕ್ಷ. ದಿನಕ್ಕೆ ಸರಾಸರಿ 40 ಯೂನಿಟ್ ದೊರೆತರೆ ಲಿಫ್ಟು, ಪಂಪು, ಮೆಟ್ಟಿಲ ದೀಪಗಳ ಬಿಲ್ಲಿನಲ್ಲಿ ವರ್ಷಕ್ಕೆ 1.46 ಲಕ್ಷ ಉಳಿಯುತ್ತದೆ. ಹೂಡಿದ ಹಣ ಮೂರು ವರ್ಷಗಳೊಳಗೆ ಕೈಸೇರುತ್ತದೆ. ಅಡ್ಡಿ ತಂತ್ರಜ್ಞಾನದ್ದಲ್ಲ, ಸರ್ವಸದಸ್ಯರ ಸಭೆಯದು: ಮೇಲಂತಸ್ತಿನವರಿಗೆ ಸೋರಿಕೆಯ ಭಯ, ಬಾಡಿಗೆಗೆ ಕೊಟ್ಟವರಿಗೆ ಉದಾಸೀನ.

ಸರಕಾರದ ತೆರಿಗೆ ನೀತಿಯೂ ಕಾರಿನ ಕಡೆಗೇ ವಾಲಿದೆ. ವಿದ್ಯುತ್ ಕಾರು ಕೋಟಿ ರೂಪಾಯಿಯದಾದರೂ ಅದರ ಮೇಲಿನ ಜಿಎಸ್‌ಟಿ 2019ರಿಂದ ಶೇ. 5 ಮಾತ್ರ. ಸೌರಫಲಕಗಳ ದರವೋ 2021ರಲ್ಲಿ ಶೇ. 5ರಿಂದ 12ಕ್ಕೆ ಏರಿ, 2025ರ ಸೆಪ್ಟೆಂಬರಿನಲ್ಲಷ್ಟೇ ಮರಳಿ ಇಳಿಯಿತು. ಒಬ್ಬನ ವಾಹನಕ್ಕೆ ದೊರೆತ ಸ್ಥಿರವಾದ ರಿಯಾಯಿತಿ ಹತ್ತಾರು ಮನೆಗಳ ತಾರಸಿಗೆ ದೊರೆಯಲಿಲ್ಲ.

ಶ್ರಾವಕನ ಗುಣವ್ರತಗಳಲ್ಲೊಂದಾದ ಅನರ್ಥದಂಡ ವಿರತಿಯು ಪ್ರಯೋಜನವಿಲ್ಲದ ಹಿಂಸೆಯನ್ನು ನಿಷೇಧಿಸುತ್ತದೆ. ಅಗತ್ಯವಿಲ್ಲದ ಎರಡನೆಯ ಕಾರು, ಅದು ಎಷ್ಟೇ ಹಸಿರಾಗಿದ್ದರೂ, ಪರಿಗ್ರಹವೇ. ಹೆಚ್ಚು ಓಡಾಡಬೇಕಾದವರು ವಿದ್ಯುತ್ ಕಾರನ್ನು ಅವಶ್ಯವಾಗಿ ಕೊಳ್ಳಲಿ. ಉಳಿದವರು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ತಾರಸಿಯ ವಿಷಯವನ್ನು ಸೇರಿಸಲಿ. ಬಸದಿಯ ಟ್ರಸ್ಟುಗಳೂ ಅಲಂಕಾರದ ದೀಪಗಳಿಗೆ ಹಣ ಕೂಡಿಸುವ ಮುನ್ನ ತಮ್ಮ ಚಾವಣಿಯತ್ತ ಒಮ್ಮೆ ನೋಡಲಿ.