ಚಿತ್ರ ಓಡಿದರೆ ಗಣಿತ ಓಡಿಹೋಗುತ್ತದೆಯೇ?

ಇರುವ ಆಯ್ಕೆಗಳಲ್ಲಿ ಅತ್ಯುತ್ತಮವಾದುದನ್ನು ಹುಡುಕುವ ಆಪ್ಟಿಮೈಸೇಶನ್‌ನಂಥ ಗಣಿತವನ್ನು ಅನಿಮೇಷನ್‌ನಲ್ಲಿ ತೋರಿಸಿದರೆ ಜನಸಾಮಾನ್ಯರಿಗೆ ಅರ್ಥವಾಯಿತೆಂಬ ಭ್ರಮೆ ಹುಟ್ಟುತ್ತದೆ, ನಿಜವಾಗಿ ಅರ್ಥವಾಗಲು ಸಮೀಕರಣವೇ ಬೇಕು ಎಂಬುದು ಕಳೆದ ವಾರ ಪ್ರಕಟವಾದ ಲೇಖನದ ಸಾರ. ಭ್ರಮೆಯ ಎಚ್ಚರಿಕೆ ಸರಿ, ತೀರ್ಮಾನ ತಪ್ಪು.

ಮೊದಲನೆಯದಾಗಿ, ಈ ಗಣಿತದ ಪ್ರಶ್ನೆ ಹುಟ್ಟುವುದು ದಾರಿಯಲ್ಲಿ, ಪುಸ್ತಕದಲ್ಲಲ್ಲ. ಜಾವಗಲ್‌ನಿಂದ ಹೊರಟ ಗಾಡಿ ಹತ್ತು ತೋಟಗಳಲ್ಲಿ ತೆಂಗಿನಕಾಯಿ ತುಂಬಿಕೊಂಡು ಅರಸೀಕೆರೆ ಸೇರಬೇಕು. ದಾರಿ ಆದಷ್ಟು ಗಿಡ್ಡವಾಗಲು ಯಾವ ತೋಟ ಮೊದಲು? ಸಾಧ್ಯವಿರುವ ಕ್ರಮಗಳು 36,28,800. ತೋಟ ಹದಿನೈದಾದರೆ 1.3 ಲಕ್ಷ ಕೋಟಿಗೂ ಹೆಚ್ಚು! ಪರದೆಯ ಮೇಲೆ ನೇರ ಗೆರೆಗಳಲ್ಲಿ ಆ ದಾರಿ ಎಳೆಯಿರಿ. ಗೆರೆ ತನ್ನನ್ನೇ ಅಡ್ಡಹಾಯುವ ಕಡೆ ಗಂಟು ಬಿಚ್ಚಿದರೆ ದಾರಿ ಗಿಡ್ಡವಾಗುತ್ತದೆ; ಏಕೆಂದರೆ ತ್ರಿಕೋನದ ಎರಡು ಬಾಹುಗಳು ಸೇರಿದರೆ ಮೂರನೆಯದಕ್ಕಿಂತ ಉದ್ದ. ಇದು ಭ್ರಮೆಯಲ್ಲ, ರುಜುವಾತಿನ ತಿರುಳು.

ಎರಡನೆಯದಾಗಿ, ಚಿತ್ರವೆಂದರೆ ಮಕ್ಕಳಾಟವಲ್ಲ. 1947ರಲ್ಲಿ ಗಣಿತಜ್ಞ ಡಾಂಟ್‌ಜಿಗ್ ರೂಪಿಸಿದ ಸಿಂಪ್ಲೆಕ್ಸ್ ವಿಧಾನ ಅತ್ಯುತ್ತಮ ಉತ್ತರ ಹುಡುಕುತ್ತ, ಸಾಧ್ಯವಿರುವ ಉತ್ತರಗಳೆಲ್ಲ ಸೇರಿ ಆಗುವ ಬಹುಮುಖಿಯ ಅಂಚು ಹಿಡಿದು ಮೂಲೆಯಿಂದ ಮೂಲೆಗೆ ನಡೆಯುತ್ತದೆ. 1984ರ ನರೇಂದ್ರ ಕರ್ಮಾರ್ಕರ್ ವಿಧಾನ ಅದೇ ಬಹುಮುಖಿಯ ಒಡಲೊಳಗಿಂದಲೇ ಹಾದುಹೋಗುತ್ತದೆ. ಈ ವ್ಯತ್ಯಾಸ ಕಣ್ಣಿಗೆ ಹತ್ತು ಸೆಕೆಂಡಿನ ಕೆಲಸ, ಸೂತ್ರದಲ್ಲಿ ಪುಟಗಟ್ಟಲೆ.

ಇನ್ನು, ಸರ್ರನೆ ಓಡುವ ಚಿತ್ರ ಯಾಮಾರಿಸುತ್ತದೆ, ಒಪ್ಪಿದೆ. ಹಾಗಿದ್ದರೆ ನಿಲ್ಲಿಸಿ. ಅತಿ ತಗ್ಗಿನ ಜಾಗ ಹುಡುಕುತ್ತ ಉರುಳುವ ಚೆಂಡು ಗುಂಡಿಯೊಂದರಲ್ಲಿ ತಂಗಿದಾಗ ‘ಇದೇ ಎಲ್ಲಕ್ಕಿಂತ ತಗ್ಗೇ, ಗುಡ್ಡದಾಚೆ ಇನ್ನೊಂದಿದೆಯೇ?’ ಎಂದು ನೋಡುಗರನ್ನೇ ಕೇಳಿ. ಬೋರ್ಡಿನ ಮೇಲೆ ಸರಸರ ಬರೆದು ಅಳಿಸುವ ಮೇಷ್ಟ್ರೂ ಈ ಅವಸರದ ತಪ್ಪನ್ನೇ ಮಾಡುತ್ತಾರೆ. ಅದಕ್ಕಾಗಿ ಯಾರೂ ಸೀಮೆಸುಣ್ಣವನ್ನು ದೂರುವುದಿಲ್ಲ.

ಸಮೀಕರಣ ಬೇಡವೆಂದಲ್ಲ. ಲೆಕ್ಕ ಮಾಡುವವರಿಗೆ ಅದು ಬೇಕು. ಲೆಕ್ಕದ ಮರ್ಮ ತಿಳಿಯಬಯಸುವ ಗಾಡಿಯವನಿಗೆ ಚಿತ್ರ ಸಾಕು.