ಗೋಲ್ಕೊಂಡದ ಮರೆತ ಅಧ್ಯಾಯ

ಹೈದರಾಬಾದಿನಲ್ಲಿ ಕನ್ನಡ ಅಧ್ಯಯನ ಮಾಡುವ ವಿದ್ಯಾರ್ಥಿಗೆ ಗೋಲ್ಕೊಂಡವು ಕುತುಬಶಾಹಿ ವೈಭವದ, ವಜ್ರ ವ್ಯಾಪಾರದ, 1687ರಲ್ಲಿ ಔರಂಗಜೇಬನ ವಶವಾದ ಕೋಟೆಯೆಂದೇ ಪರಿಚಿತ. 17ನೆಯ ಶತಮಾನದಲ್ಲಿ ಫ್ರೆಂಚ್ ವರ್ತಕ ತಾವೆರ್ನಿಯೆ ಬರೆದ ಪ್ರವಾಸಕಥನವು ಈ ಹೆಸರನ್ನು ಯುರೋಪಿನ ಮನೆಮಾತಾಗಿಸಿತು. ಆದರೆ ವಜ್ರದ ಗಣಿಗಳಿದ್ದುದು ಈ ಬೆಟ್ಟದಲ್ಲಲ್ಲ, ಕೃಷ್ಣಾತೀರದ ಕೊಲ್ಲೂರು ಮೊದಲಾದೆಡೆಗಳಲ್ಲಿ. ಗಣಿಗಳ ಕೀರ್ತಿಯು ಹೀಗೆ ಕೋಟೆಗೆ ಅಂಟಿಕೊಂಡು, ಅದರ ಆರಂಭಕಾಲದ ಚರಿತ್ರೆಯನ್ನು ಮರೆಸಿತು.

ಆ ಆರಂಭ ಸಾಧಾರಣವಾದುದು. 'ಗೊಲ್ಲರ ಬೆಟ್ಟ' ಎಂಬುದೇ ಸ್ಥಳನಾಮದ ಅರ್ಥವೆಂದು ಪರಂಪರೆ ಹೇಳುತ್ತದೆ. 'ಗೊಲ್ಲ' ಪದ ಕನ್ನಡ, ತೆಲುಗು ಎರಡರಲ್ಲಿಯೂ ಉಂಟು. 'ಕೊಂಡ'ವಾದರೋ ತೆಲುಗಿನಲ್ಲಿ ಬೆಟ್ಟ, ಕನ್ನಡದಲ್ಲಿ ಕೆಂಡದ ಗುಂಡಿ. ನೆರೆಭಾಷೆಯ ನೆರವಿಲ್ಲದೆ ಈ ಹೆಸರು ಕನ್ನಡಿಗನಿಗೆ ಅರ್ಥವಾಗದು. ಪಶುಪಾಲಕರ ನೆಲೆಯ ಮೇಲಿನ ಬೆಟ್ಟದಲ್ಲಿ ಕಾಕತೀಯರ ಕಾಲದಲ್ಲಿ ಮಣ್ಣಿನ ಕೋಟೆಯೊಂದಿತ್ತೆಂಬುದು ಸಾಮಾನ್ಯ ಅಭಿಪ್ರಾಯ. ಬೆಟ್ಟದ ಮೇಲಿನ ಜಗದಂಬಿಕಾ ಗುಡಿಯಲ್ಲಿ ಆಷಾಢಮಾಸದ ಬೋನಾಲು ಇಂದಿಗೂ ನಡೆಯುತ್ತದೆ.

1323ರಲ್ಲಿ ಕಾಕತೀಯ ರಾಜ್ಯ ಅಳಿಯಿತು. 1347ರಲ್ಲಿ ಗುಲ್ಬರ್ಗವನ್ನು ರಾಜಧಾನಿಯಾಗಿಸಿಕೊಂಡು ಬಹಮನಿ ರಾಜ್ಯ ಉದಯಿಸಿತು. ವಾರಂಗಲ್ಲಿನ ಕಾಪಯ ನಾಯಕನು 1363ರ ಸುಮಾರಿಗೆ ಗೋಲ್ಕೊಂಡವನ್ನು ಬಹಮನಿ ಸುಲ್ತಾನ ಒಂದನೆಯ ಮಹಮ್ಮದ್ ಶಾಹನಿಗೆ ಬಿಟ್ಟುಕೊಟ್ಟನು. ಅಲ್ಲಿಂದ ಮುಂದೆ ಈ ಕೋಟೆಯ ಒಡೆತನ ಮೊದಲು ಗುಲ್ಬರ್ಗಕ್ಕೆ, ಅಹಮದ್ ಶಾಹ ವಲಿಯ (1422–1436) ಕಾಲದಲ್ಲಿ ರಾಜಧಾನಿ ಬದಲಾದ ಮೇಲೆ ಬೀದರಿಗೆ ಸೇರಿತ್ತು. ಕುತುಬಶಾಹಿಗಳ ಆಳ್ವಿಕೆ 169 ವರ್ಷಗಳದು. ಅದಕ್ಕೆ ಹಿಂದಿನ ಈ ಬಹಮನಿ ಕಾಲವೂ ಸುಮಾರು 155 ವರ್ಷಗಳಷ್ಟು ದೀರ್ಘವಾದುದು. ಇಷ್ಟು ದೀರ್ಘಕಾಲವನ್ನು ಕೇವಲ ಪೀಠಿಕೆಯೆಂದು ದಾಟಿಹೋಗುವುದು ನ್ಯಾಯವಲ್ಲ.

ಕುತುಬಶಾಹಿ ಮನೆತನದ ಮೂಲಪುರುಷ ಸುಲ್ತಾನ್ ಕುಲಿಯೂ ಬೀದರಿನ ಆಸ್ಥಾನದ ಸೇವೆಯಿಂದಲೇ ಮೇಲೆ ಬಂದವನು. ಬಾಲಾ ಹಿಸಾರ್ ದ್ವಾರದ ಬಳಿ ಅವನು 1518ರಲ್ಲಿ ಕಟ್ಟಿಸಿದ ಜಾಮಿ ಮಸೀದಿಯ ಶಾಸನವು ಬಹಮನಿ ಸುಲ್ತಾನ ಮಹಮೂದ್ ಶಾಹನನ್ನೇ ದೊರೆಯೆಂದು ಹೆಸರಿಸುತ್ತದೆ. ಸ್ವತಂತ್ರ ರಾಜ್ಯದ ಆರಂಭವೆಂದು ಪಠ್ಯಪುಸ್ತಕಗಳು ಗುರುತಿಸುವ ವರ್ಷದಲ್ಲಿಯೇ ಗೋಲ್ಕೊಂಡದ ಕಲ್ಲು ಬೀದರಿನ ಒಡೆಯನ ಹೆಸರನ್ನು ಹೇಳುತ್ತಿದೆ ಎಂಬುದು ಗಮನಾರ್ಹ.

ಈ ಸಂಬಂಧ ಮರೆತುಹೋಗಲು ಕಾರಣಗಳುಂಟು. 1956ರ ನವೆಂಬರ್ 1ರಂದು ಬೀದರ್, ಗುಲ್ಬರ್ಗ, ರಾಯಚೂರುಗಳು ಮೈಸೂರು ರಾಜ್ಯಕ್ಕೂ ತೆಲಂಗಾಣವು ಆಂಧ್ರಪ್ರದೇಶಕ್ಕೂ ಸೇರಿದುವು. ಆಡಳಿತದ ಗಡಿಗಳನ್ನೇ ಚರಿತ್ರೆಯ ಗಡಿಗಳೆಂದು ಭಾವಿಸುವ ರೂಢಿ ಬೆಳೆಯಿತು. ಹಾಗೆಂದು, ಗೋಲ್ಕೊಂಡವು ಕನ್ನಡಿಗರದೆಂದು ಸಾಧಿಸಹೊರಡುವುದೂ ಅಷ್ಟೇ ತಪ್ಪು. ಬಹಮನಿಗಳ ಆಸ್ಥಾನಭಾಷೆ ಪಾರಸಿ. ಕೋಟೆಯ ಸುತ್ತಣ ಜನರ ನುಡಿ ತೆಲುಗು. ಈ ಅಧ್ಯಾಯವು ಯಾವ ಒಂದು ಭಾಷೆಯ ಅಭಿಮಾನಕ್ಕೂ ದಕ್ಕುವಂಥದಲ್ಲ.

ದಖನಿ ಸಾಹಿತ್ಯದ ದಾರಿಯೂ ಇದನ್ನೇ ಸಮರ್ಥಿಸುತ್ತದೆ. ನಿಜಾಮಿಯ 'ಕದಮ್ ರಾವ್ ಪದಮ್ ರಾವ್' ಕಾವ್ಯವು 15ನೆಯ ಶತಮಾನದ ಬಹಮನಿ ಪರಿಸರದ್ದು. 1591ರಲ್ಲಿ ಹೈದರಾಬಾದನ್ನು ಸ್ಥಾಪಿಸಿದ ಮಹಮ್ಮದ್ ಕುಲಿ ಕುತುಬಶಾಹನು ಅದೇ ನುಡಿಯ ಪ್ರಸಿದ್ಧ ಕವಿ. ಸುಲ್ತಾನರ ಆಜ್ಞೆಗಳು ನಡೆದ ಹಾದಿಯಲ್ಲಿಯೇ ಕಾವ್ಯಭಾಷೆಯೂ ನಡೆದು ಬಂದಿತು.

ಆದ್ದರಿಂದ ಹೈದರಾಬಾದಿನ ಕನ್ನಡ ವಿದ್ಯಾರ್ಥಿಯ ಅಧ್ಯಯನವು ಪಂಪ, ಕುಮಾರವ್ಯಾಸರಿಗೇ ಸೀಮಿತವಾಗಬಾರದು. ತೆಲುಗನ್ನು ಓದಬಲ್ಲ, ದಖನಿಯನ್ನು ತಿಳಿಯಬಲ್ಲ, ಪಾರಸಿ ಶಾಸನದ ಮುಂದೆ ಅಳುಕದೆ ನಿಲ್ಲಬಲ್ಲ ಸಂಶೋಧಕರು ಈ ನಗರದಲ್ಲಿ ಸಿದ್ಧರಾಗಬೇಕು. ಇದಕ್ಕಿಂತ ಅನುಕೂಲವಾದ ಊರು ಕರ್ನಾಟಕದ ಒಳಗೂ ದೊರೆಯುವುದು ಕಷ್ಟ. ಜಾಮಿ ಮಸೀದಿಯ ಶಾಸನವನ್ನೂ ಬೀದರ್ ಕೋಟೆಯ ಶಾಸನಗಳನ್ನೂ ಒಟ್ಟಿಗೆ ಓದುವುದರಿಂದ ಆ ಕೆಲಸ ಆರಂಭವಾಗಬಹುದು.