ನಮ್ಮೂರ ಶಾಸನಗಳಿಗೆ ಕಾವಲು ಯಾರು?



1953ನೆಯ ಇಸವಿ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಆಂಧ್ರ ರಾಜ್ಯಕ್ಕೆ ಸೇರಿಸಲಾಯಿತು. ಆದವಾನಿ, ಆಲೂರುಗಳು ಕರ್ನೂಲು ಜಿಲ್ಲೆಯ ಪಾಲಾದುವು. ಅಂದಿನಿಂದ ತಲೆಗಳ ಲೆಕ್ಕ, ಶಾಲೆಗಳ ಲೆಕ್ಕ, ಮತಗಳ ಲೆಕ್ಕ ಎಲ್ಲವೂ ನಡೆದಿವೆ. ಇವೆಲ್ಲಕ್ಕೂ ಹಿರಿದಾದ ಇನ್ನೊಂದು ಲೆಕ್ಕವುಂಟು: ನಮ್ಮ ಊರುಗಳಲ್ಲಿ ಅಕ್ಷರ ಹೊತ್ತ ಕಲ್ಲುಗಳು ಎಷ್ಟಿದ್ದುವು, ಇಂದು ಎಷ್ಟು ಉಳಿದಿವೆ? ಈ ಪ್ರಶ್ನೆಗೆ ನಿಮ್ಮ ಪಂಚಾಯತಿಯ ಕಡತದಲ್ಲಿ ಉತ್ತರವಿದೆಯೇ? ಇಲ್ಲವಾದರೆ, ಈ ಕಿರುಹೊತ್ತಗೆ ನಿಮಗಾಗಿಯೇ ಬರೆದುದು.

ಆರ್. ಶಾಮಶಾಸ್ತ್ರಿಗಳೂ ಎನ್. ಲಕ್ಷ್ಮೀನಾರಾಯಣರಾಯರೂ ಮದರಾಸು ಆಧಿಪತ್ಯದ ಕನ್ನಡ ಶಾಸನಗಳನ್ನು ಸಂಪಾದಿಸಿದರು. ಅವು ದಕ್ಷಿಣ ಭಾರತದ ಶಾಸನಗಳ 9ನೆಯ ಸಂಪುಟವಾಗಿ 1939ರಿಂದ ಅಚ್ಚಾದುವು. ಅಖಂಡ ಬಳ್ಳಾರಿ ಜಿಲ್ಲೆಯ ಊರುಗಳು ಆ ಸಂಪುಟದಲ್ಲಿ ಮೇಲಿಂದ ಮೇಲೆ ಬರುತ್ತವೆ. ದಾನ ಬಿಟ್ಟ ಭೂಮಿ, ಅದರ ಎಲ್ಲೆ, ಕೆರೆ, ದೇವರ ನಂದಾದೀಪ, ಸಾಕ್ಷಿ ನಿಂತ ಗೌಡ: ಇಂಥ ವಿವರಗಳೆಲ್ಲ ಕನ್ನಡ ಶಾಸನಗಳಲ್ಲಿ ದೊರೆಯುತ್ತವೆ. ಗಡಿಯನ್ನು ಗೆರೆ ಎಳೆದು ಬದಲಿಸಬಹುದು. ಕಲ್ಲಿನಲ್ಲಿ ಕೊರೆದ ಸಾಕ್ಷಿಯನ್ನು ಯಾವ ಆಯೋಗವೂ ಬದಲಿಸಲಾರದು. ಆದರೆ ಅದನ್ನು ಒಡೆಯುವುದಕ್ಕೆ ಒಂದು ಸುತ್ತಿಗೆ ಸಾಕು.

“ಪುಸ್ತಕದಲ್ಲಿ ಅಚ್ಚಾಗಿದೆಯಲ್ಲ, ಕಲ್ಲು ಹೋದರೇನು?” ಎನ್ನುವವರುಂಟು. ಅವರು ಪತ್ತಿಕೊಂಡದ ಸೀಮೆಗೆ ಹೋಗಿ ನೋಡಲಿ. ಗುತ್ತಿಯ ಬಳಿಯ ಎರ್ರಗುಡಿಯಲ್ಲಿ ಅಶೋಕ ಚಕ್ರವರ್ತಿಯ 14 ಹಿರಿಯ ಶಾಸನಗಳೂ ಕಿರುಶಾಸನಗಳೂ ಬಂಡೆಯ ಮೇಲಿವೆ. ಕಿರುಶಾಸನದ ಕೆಲವು ಸಾಲುಗಳು ಎಡದಿಂದ ಬಲಕ್ಕೆ ಹೋಗಿ, ನೇಗಿಲಿನ ಎತ್ತುಗಳು ತಿರುಗುವಂತೆ, ಮರಳಿ ಬಲದಿಂದ ಎಡಕ್ಕೆ ಬರುತ್ತವೆ. ಅದೇ ಸೀಮೆಯ ರಾಜುಲಮಂದಗಿರಿಯ ಕಿರುಶಾಸನವಾದರೋ ತೀರ ಸವೆದುಹೋಗಿದೆ. ಅಲ್ಲಿ ಕಳೆದ ಅಕ್ಷರಗಳನ್ನು ವಿದ್ವಾಂಸರು ಎರ್ರಗುಡಿಯ ಪಾಠದ ನೆರವಿನಿಂದಲೇ ಊಹಿಸಬೇಕಾಯಿತು. ಚಕ್ರವರ್ತಿಯ ಮಾತಿಗೆ ಅವಳಿ ಪ್ರತಿಯಿದ್ದುದರಿಂದ ಅದು ಉಳಿಯಿತು. ನಮ್ಮೂರ ಗೌಡನು ಕೊಟ್ಟ ಹತ್ತು ಮತ್ತರು ಭೂಮಿಯ ಮಾತಿಗೆ ಅವಳಿ ಎಲ್ಲಿದೆ? ಆ ಒಂದು ಕಲ್ಲು ಹೋದರೆ ಆ ಮಾತೇ ಹೋಯಿತು. ಇನ್ನು ಅಚ್ಚಿನ ಪಾಠದಲ್ಲಿ ಸಂಶಯ ಬಂದರೆ ಹಿಂದಿರುಗಿ ನೋಡಬೇಕಾದುದು ಕಲ್ಲನ್ನೇ. ಎಂದೂ ಅಚ್ಚಾಗದೆ ಉಳಿದ ಕಲ್ಲುಗಳ ಗತಿಯನ್ನಂತೂ ಹೇಳಬೇಕಾಗಿಯೇ ಇಲ್ಲ.

“ಅದು ಸರಕಾರದ ಕೆಲಸ” ಎಂಬುದು ಎರಡನೆಯ ಆಕ್ಷೇಪ. ಸರಕಾರದ ಕೆಲಸ ಎಷ್ಟು ದೂರ ಸಾಗುತ್ತದೆಂಬುದನ್ನು ನೋಡೋಣ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಕಡಮೆಯಿಲ್ಲದ, ಐತಿಹಾಸಿಕ ಮಹತ್ತ್ವವುಳ್ಳ ಶಾಸನವೂ ಪ್ರಾಚೀನ ಸ್ಮಾರಕವೇ. ಆದರೆ ಸರಕಾರವು ಅಧಿಸೂಚನೆ ಹೊರಡಿಸಿ ಘೋಷಿಸಿದ ಸ್ಮಾರಕಕ್ಕೆ ಮಾತ್ರವೇ ಆ ಕಾಯಿದೆಯ ಪೂರ್ಣ ರಕ್ಷಣೆ. 2010ರ ತಿದ್ದುಪಡಿಯು ಹೇಳುವ 100 ಮೀಟರಿನ ನಿಷಿದ್ಧ ವಲಯವೂ, ಅದರಾಚೆಯ 200 ಮೀಟರಿನ ನಿಯಂತ್ರಿತ ವಲಯವೂ ಅಂಥವುಗಳಿಗೇ. ಹೊಲದ ಬದುವಿನ ವೀರಗಲ್ಲಿಗೆ, ಬಾವಿಕಟ್ಟೆಯ ಶಾಸನಕ್ಕೆ ಈ ವಲಯವಿಲ್ಲ. ಘೋಷಿತವಾದುವಾದರೂ ಕ್ಷೇಮವೇ? 2013ರಲ್ಲಿ ಮಹಾಲೇಖಪಾಲರ ವರದಿ ಹೊರಬಿತ್ತು. ಸ್ಥಳಕ್ಕೆ ಹೋಗಿ ಪರೀಕ್ಷಿಸಿದ 1,655 ಸ್ಮಾರಕಗಳಲ್ಲಿ 92 ಎಲ್ಲಿವೆಯೆಂದೇ ತಿಳಿಯಲಿಲ್ಲವೆಂದು ಅದರಲ್ಲಿದೆ. ಕೇಂದ್ರ ಸರಕಾರದ ಪಟ್ಟಿಯಲ್ಲಿದ್ದವುಗಳ ಪಾಡೇ ಇದಾದರೆ, ಯಾವ ಪಟ್ಟಿಯಲ್ಲಿಯೂ ಇಲ್ಲದುವುಗಳನ್ನು ಕಾಯುವವರು ಊರವರಲ್ಲದೆ ಇನ್ನಾರು?

ಈಗ ನಮ್ಮವರಿಗೇ ಎರಡು ಕಟುವಾದ ಮಾತು. ಶಾಸನದ ಮೇಲೆ ಹಬ್ಬಹಬ್ಬಕ್ಕೆ ಸುಣ್ಣ ಬಳಿಯುವವರು ಪರರಾಜ್ಯದವರಲ್ಲ. ಅಕ್ಷರದ ಕಲ್ಲನ್ನು ಬಟ್ಟೆ ಒಗೆಯುವ ಕಲ್ಲಾಗಿ, ದನ ಕಟ್ಟುವ ಗೂಟವಾಗಿ ಮಾಡಿಕೊಂಡವರೂ, ನಿಧಿಯ ಆಸೆಗೆ ಅಮಾವಾಸ್ಯೆಯ ರಾತ್ರಿ ಗುಡಿಯ ಪೀಠ ಅಗೆಯುವವರೂ ಹೊರಗಿನವರೇ ಆಗಬೇಕಾಗಿಲ್ಲ. ದಾನವನ್ನು ಅಳಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ ಬರಲೆಂದು ಹಿಂದಿನವರು ಶಾಸನದ ಕೊನೆಗೆ ಶಾಪ ಕೆತ್ತಿಸುತ್ತಿದ್ದರು. ಆ ಶಾಪವನ್ನು ಓದಲಾರದಷ್ಟು ಸುಣ್ಣ ಬಳಿದರೆ ಪಾಪ ತಪ್ಪುವುದೇ? ಗಡಿಯ ಅನ್ಯಾಯವನ್ನು ಸಭೆಯಲ್ಲಿ ಸಾರಿ, ಮನೆಗೆ ಬಂದು ಶಾಸನದ ಮೇಲೆ ಕಾಲು ತೊಳೆಯುವುದು ಕನ್ನಡಾಭಿಮಾನವೆನಿಸದು.

ಇನ್ನೊಂದನ್ನು ಸ್ಪಷ್ಟವಾಗಿ ಹೇಳುತ್ತೇವೆ. ಕನ್ನಡದ ಕಲ್ಲನ್ನು ಮಾತ್ರ ಕಾಯಿರಿ ಎಂದು ನಾವು ಹೇಳುವುದಿಲ್ಲ. ಅಶೋಕನ ಮಾತು ಪ್ರಾಕೃತ. ಎರ್ರಗುಡಿಯಂತೆಯೇ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿಯೂ ಅವನ ಶಾಸನಗಳಿವೆ. ಆದವಾನಿಯ ದುರ್ಗವು ವಿಜಯನಗರದ ಆಸರೆಯಾಗಿತ್ತು; ಬಳಿಕ ಬಿಜಾಪುರದ ಕೈಸೇರಿ, 1688ರಲ್ಲಿ ಮೊಗಲರ ವಶವಾಯಿತು. ಬಿಜಾಪುರದ ಪರವಾಗಿ ಅಲ್ಲಿ ಆಳಿದ ಸಿದ್ದಿ ಮಸೂದ್ ಖಾನನ ಜಾಮಿಯಾ ಮಸೀದಿ ಇಂದಿಗೂ ಆ ಪಟ್ಟಣದ ಭೂಷಣ. ಇವೆಲ್ಲವೂ ನಮ್ಮ ನೆಲದ ನೆನಪುಗಳು. ತೆಲುಗು ಶಾಸನ ಸಿಕ್ಕರೆ ಅದನ್ನೂ ಅಷ್ಟೇ ಗೌರವದಿಂದ ಕಾಯತಕ್ಕದ್ದು. ಪರರ ಸಾಕ್ಷಿಯನ್ನು ಮುಚ್ಚಿಟ್ಟು ತನ್ನ ಸಾಕ್ಷಿಯನ್ನು ತೋರುವವನ ಮಾತನ್ನು ಯಾವ ನ್ಯಾಯಸ್ಥಾನವೂ ನಂಬದು. ಅಷ್ಟೇ ನೇರವಾಗಿ ಸರಕಾರದವರಿಗೂ ಹೇಳುತ್ತೇವೆ: ಕನ್ನಡ ಶಾಸನವಿರುವ ಸ್ಥಳದಲ್ಲಿ ತೆಲುಗಿನ ಜೊತೆಗೆ ಕನ್ನಡದ ಫಲಕವೂ ಇರಲೇಬೇಕು. ತಮ್ಮದಾದ ಭಾಷೆ, ಲಿಪಿ, ಸಂಸ್ಕೃತಿಗಳನ್ನು ಕಾಪಾಡಿಕೊಳ್ಳುವ ಹಕ್ಕನ್ನು ಸಂವಿಧಾನದ 29ನೆಯ ವಿಧಿ ನಮಗೆ ಕೊಟ್ಟಿದೆ. ಕಲ್ಲಿನ ಮೇಲಿನ ಲಿಪಿಯೂ ಲಿಪಿಯೇ.

ಸ್ಥಳೀಕರು ಸೇರಿ ಕಾಯುವುದು ಹೊಸ ಮಾತೇನಲ್ಲ. ನ್ಯೂಯಾರ್ಕಿನ ಜನ ತಮ್ಮ ಭವ್ಯವಾದ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು 1963ರಲ್ಲಿ ಕೆಡವಲಾರಂಭಿಸಿದುದನ್ನು ಕಣ್ಣಾರೆ ಕಂಡು ಎಚ್ಚತ್ತರು. 1965ರಲ್ಲಿ ಆ ನಗರವು 11 ಸದಸ್ಯರ ಸ್ಮಾರಕ ರಕ್ಷಣಾ ಆಯೋಗವನ್ನು ಸ್ಥಾಪಿಸಿತು. ವಾಸ್ತುಶಿಲ್ಪಿಗಳು, ಇತಿಹಾಸಜ್ಞರು ಮಾತ್ರವಲ್ಲದೆ, ನಗರದ ಐದು ವಿಭಾಗಗಳಲ್ಲಿ ಪ್ರತಿಯೊಂದರ ನಿವಾಸಿಯೂ ಅದರಲ್ಲಿರಬೇಕೆಂಬುದು ಅಲ್ಲಿಯ ಕಟ್ಟಳೆ. ಅಷ್ಟು ದೂರವೇಕೆ, ನೆರೆಯ ಹಂಪೆಯನ್ನೇ ನೋಡಿರಿ. 1999ರಲ್ಲಿ ಅದು ಅಪಾಯದಲ್ಲಿರುವ ವಿಶ್ವಪರಂಪರೆಯ ಪಟ್ಟಿಗೆ ಬಿತ್ತು. ಅದಕ್ಕೆಂದೇ ಕರ್ನಾಟಕವು 2002ರಲ್ಲಿ ಕಾಯಿದೆ ಮಾಡಿ ಪ್ರತ್ಯೇಕ ಪ್ರಾಧಿಕಾರವನ್ನು ರಚಿಸಿತು. 2006ರಲ್ಲಿ ಹಂಪೆ ಆ ಪಟ್ಟಿಯಿಂದ ಹೊರಬಂದಿತು. ಹಂಪೆಗೆ ಸಂದ ಅಕ್ಕರೆಯಲ್ಲಿ ನೂರನೆಯ ಒಂದು ಪಾಲು ಪೆದ್ದತುಂಬಳದ ಹಳೆಯ ಗುಡಿಗಳಿಗೆ ಸಲ್ಲಬಾರದೇ?

ಆದುದರಿಂದ ಪ್ರತಿ ಊರಿನಲ್ಲಿಯೂ ಏಳೆಂಟು ಮಂದಿಯ ಸ್ಮಾರಕ ರಕ್ಷಣಾ ಸಮಿತಿ ಏರ್ಪಡಲಿ. ಉಪಾಧ್ಯಾಯರು, ಪೂಜಾರಿಗಳು, ಮಸೀದಿಯ ಹಿರಿಯರು, ಹೊಲದ ಬದುಗಳನ್ನು ಬಲ್ಲ ರೈತರು, ಊರ ಹೆಣ್ಣುಮಕ್ಕಳು ಅದರಲ್ಲಿರಲಿ. ಕಲ್ಲಿರುವ ಸ್ಥಳ, ಸರ್ವೆ ನಂಬರು, ಅಳತೆ, ಭಾವಚಿತ್ರ ಸೇರಿಸಿ ಪಟ್ಟಿ ಮಾಡಲಿ. ಕಲ್ಲನ್ನು ಇದ್ದಲ್ಲಿಂದ ಕದಲಿಸಬಾರದು. ನಿಂತ ನೆಲವೇ ಅದರ ಅರ್ಧ ಸಾಕ್ಷಿ. ಸುಣ್ಣ, ಎಣ್ಣೆ, ಬಣ್ಣ ತಾಗಿಸಬಾರದು. ಬಳಿದುದನ್ನು ಉಳಿಯಿಂದ ಕೆರೆಯಲೂಬಾರದು, ಬಲ್ಲವರನ್ನು ಕರೆಸಬೇಕು. ಗ್ರಾಮಸಭೆಯಲ್ಲಿ ಠರಾವು ಮಾಡಿ, ಪಟ್ಟಿಯ ಒಂದು ಪ್ರತಿಯನ್ನು ಕಲೆಕ್ಟರರಿಗೂ ಇನ್ನೊಂದನ್ನು ರಾಜ್ಯದ ಪುರಾತತ್ತ್ವ ಇಲಾಖೆಗೂ ಕಳುಹಿಸಿ ರಸೀತಿ ಪಡೆಯಬೇಕು. ಸಂವಿಧಾನದ 11ನೆಯ ಅನುಸೂಚಿಯಲ್ಲಿ ಸಾಂಸ್ಕೃತಿಕ ಚಟುವಟಿಕೆಗಳೂ ಸಮುದಾಯದ ಆಸ್ತಿಯ ಪಾಲನೆಯೂ ಪಂಚಾಯತಿಗಳಿಗೆ ವಹಿಸಿಕೊಡತಕ್ಕ ವಿಷಯಗಳೆಂದು ನಮೂದಾಗಿವೆ. ಕನ್ನಡ ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ಆ ಕಲ್ಲಿನ ಮುಂದೆ ನಿಲ್ಲಿಸಿ ಅಕ್ಷರ ಕೂಡಿಸಿ ಓದಿಸಬೇಕು.

“ಕಲ್ಲು ಹೊಟ್ಟೆ ತುಂಬಿಸುವುದೇ?” ಎಂದು ಕೇಳುವವರಿಗೆ ಒಂದೇ ಉತ್ತರ: ಹೊಲದ ಪಟ್ಟಾ ಪುಸ್ತಕವೂ ಹೊಟ್ಟೆ ತುಂಬಿಸುವುದಿಲ್ಲ, ಆದರೂ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತೀರಿ. ಈ ಶಾಸನಗಳು ನಮ್ಮೆಲ್ಲರ ಪಟ್ಟಾ ಪುಸ್ತಕಗಳು. ಬೀಗವಿಲ್ಲದೆ ಬಯಲಲ್ಲಿ ಬಿದ್ದಿರುವ ಇವಕ್ಕೆ ನಮ್ಮ ಕಣ್ಣೇ ಕಾವಲು. ಬರುವ ಗ್ರಾಮಸಭೆಯಲ್ಲಿಯೇ ಈ ಠರಾವನ್ನು ಮಂಡಿಸಿರಿ.